ತಂಗಿಗೊಂದು ಎಡೆ

ಇವತ್ತು ಕಾರ್ತಿಕ ಸೋಮವಾರದ ಉಪವಾಸ. ಪೂಜೆ, ಪಾತ್ರೆ ಮುಗಿಸಿ ಬಾಗಿಲು ತೆರೆದರೆ, ಈ ಪರದೇಶದಲ್ಲಿ ನನ್ನ ಪಕ್ಕದ ಮನೆಯ ರೋಸಾ ಮೆಕ್ಕೆಜೋಳದ ರೊಟ್ಟಿ ಸುಡುವ ವಾಸನೆ. ತನ್ನ ದೇಶದ ಗಡಿ ಹತ್ತಿರದ ಸಣ್ಣ ಊರಿನಲ್ಲಿ ಅಜ್ಜಿ, ಚಿಕ್ಕಮ್ಮಂದಿರ ನಡುವೆ ಒಂದೇ ಮನೆಯಲ್ಲಿ ಬೆಳೆದವಳು ಅವಳು. ಅವರಲ್ಲಿ ತೀರಿಹೋದ ಮಕ್ಕಳು ವರ್ಷಕ್ಕೊಮ್ಮೆ, ಇವತ್ತು, ಮನೆಗೆ ಬರುತ್ತಾರಂತೆ, ದೊಡ್ಡವರು ನಾಳೆಯಂತೆ.

ನಮ್ಮ ಮನೆಯಲ್ಲಿ ಹಿರಿಯರ ಅಮಾವಾಸ್ಯೆಗೆ ಅಜ್ಜಿ ಒಳಕೋಣೆಯಲ್ಲಿ ರೊಟ್ಟಿ, ಹೋಳಿಗೆಯ ಎಡೆ ಇಟ್ಟು ಬಾಗಿಲು ಮುಚ್ಚುತ್ತಿದ್ದಳು. ಸತ್ತವರು ಉಂಡು ಹೋಗುವ ತನಕ ಎಲ್ಲರೂ ಪಡಸಾಲೆಯಲ್ಲಿ ಸುಮ್ಮನೆ ಕೂರಬೇಕು. ಜ್ವರದಲ್ಲಿ ಹೋದ ತಂಗಿ ಗಂಗೂಗೂ ಇಡು ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆ.

"ಕೂಸು ಹಿರೇರ ಸಾಲಿಗೆ ಬರೂದಿಲ್ಲವ್ವ. ಅಕಿಗೆ ಎಡಿ ಇಲ್ಲ."

ಆಗಲೇ ಬೀದಿ ಬಾಗಿಲ ಚಿಲಕ ಅಲುಗಿತು. ಗಾಳಿ ಇರಲಿಲ್ಲ. ಅವ್ವ ಅರ್ಧ ಎದ್ದಳು.

"ತೆಗೀಬ್ಯಾಡ," ಎಂದಳು ಅಜ್ಜಿ. ಅವ್ವ ಕುಳಿತಳು.

ಇವತ್ತು ನಾನು ಇದನ್ನು ಹೇಳಿದಾಗ ರೋಸಾ ಒಂದು ಖಾಲಿ ತಟ್ಟೆ ತಂದಳು. "ನಿನ್ನ ತಂಗಿನೂ ನಮ್ಮನೆಗೇ ಕರಿ. ಅವಳಿಗೆ ಏನಿಷ್ಟ?"

ನನಗೆ ನೆನಪೇ ಆಗಲಿಲ್ಲ.

ಅವ್ವನಿಗೆ ಓದು ಬರುವುದಿಲ್ಲ, ಅವಳ ಹತ್ತಿರ ಫೋನೂ ಇಲ್ಲ. ನಾನು ಬರೆದ ಇದನ್ನು ಊರಲ್ಲಿ ನೋಡಿದವರು ಯಾರಾದರೂ ಅವಳ ಹತ್ತಿರ ಹೋಗಿ, ಗಂಗೂ ಏನು ಬೇಡಿ ಉಣ್ಣುತ್ತಿದ್ದಳೆಂದು ಕೇಳಿ. ಇಲ್ಲಿ ಸಂಜೆಯಾಗುವುದರೊಳಗೆ ಅವಳ ಉತ್ತರ ನನಗೆ ಬರೆದು ಕಳಿಸಿ.