ಸಣ್ಣ ಧೂಳು

ಇಲಿಗಳ ಪುಪ್ಪುಸ ಕೊಯ್ಯುವುದು ನನ್ನ ಕೆಲಸ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಲ್ಯಾಬಿನಲ್ಲಿದ್ದೇನೆ ಅಂತಷ್ಟೇ ಹೇಳುತ್ತೇನೆ. ಅವರು ರಕ್ತ ತಪಾಸಣೆ ಅಂದುಕೊಂಡು ತಮ್ಮ ಸಕ್ಕರೆ ಕಾಯಿಲೆಯ ಪುರಾಣ ಬಿಚ್ಚುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ಆ ವರ್ಷ ನಮ್ಮಲ್ಲಿಗೆ ಬಂದದ್ದು ಬಣ್ಣಕ್ಕೆ ಬೆರೆಸುವ ಒಂದು ಬಿಳಿ ಪುಡಿ. ನ್ಯಾನೋ ಕಣ ಅನ್ನುತ್ತಾರೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಚಿಕ್ಕದು. ಇಲಿಯನ್ನು ಕೊಳವೆಯೊಳಗೆ ತೂರಿಸಿ, ಮೂಗಷ್ಟೇ ಆಚೆ ಬರುವಂತೆ ಕೂಡಿಸಿ, ಪುಡಿ ಬೆರೆತ ಗಾಳಿಯನ್ನು ದಿನಾ ತಾಸುಗಟ್ಟಲೆ ಉಸಿರಾಡಿಸುತ್ತಿದ್ದೆವು. ಕಡೆಗೆ ಪುಪ್ಪುಸ ತೆಗೆದು ತೂಗಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲಿಡುವುದು ನನ್ನ ಪಾಲು. ಆ ಇಲಿಗಳ ಪುಪ್ಪುಸ ತೂಕದಲ್ಲೇ ಹೆಚ್ಚಿತ್ತು. ಒಳಗೆ ಬಾವು; ಗಾಳಿಯಾಡಬೇಕಾದ ಚೀಲಗಳು ಗಟ್ಟಿಯಾಗಿದ್ದವು. ವರದಿ ಹೊರಬೀಳುವವರೆಗೆ ಬಾಯಿ ಬಿಡುವುದಿಲ್ಲ ಅಂತ ಸಹಿ ಮಾಡಿ ಕೊಟ್ಟಿದ್ದೆ.

ಅದೇ ಹೊತ್ತಿಗೆ ಸುರೇಬಾನಕ್ಕೆ ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಖಾಲಿ ಚೀಲಗಳನ್ನು ಬಿಚ್ಚಿ ಹೊಲಿದ ಹಾಸಿನ ಮೇಲೆ ಮೆಣಸಿನಕಾಯಿ ಒಣಹಾಕಿದ್ದಳು. ಚೀಲದ ಮೇಲೆ, ನಮ್ಮ ಲ್ಯಾಬಿಗೆ ಆ ಪುಡಿ ಬಂದಿದ್ದ ಡಬ್ಬಿಯ ಮೇಲಿದ್ದ ಹೆಸರೇ ಇತ್ತು. ರಾಮದುರ್ಗದ ಹಾದಿಯ ಶೆಡ್ಡಿನಲ್ಲಿ ಆ ಪುಡಿ ಪ್ಯಾಕ್ ಮಾಡುವ ಕೆಲಸ ಹಿಡಿದು ಎರಡು ವರ್ಷವಾಯಿತು ಅಂದಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರಂತೆ, ಸಂಜೆ ಒಂದು ತುಂಡು ಬೆಲ್ಲ ತಿಂದರೆ ಧೂಳೆಲ್ಲ ಇಳಿದು ಹೋಗುತ್ತದಂತೆ. ಕೆಲಸ ಬಿಡು ಅನ್ನಬೇಕಿತ್ತು. ಅಂದದ್ದು ಬೇರೆ.

“ಅಕ್ಕಾ, ಅದು ಭಾಳ ಸಣ್ಣ ಧೂಳ ಐತಿ. ಸ್ವಲ್ಪ ನೋಡಿಕೊಂಡ ಮಾಡು.”

ನಮ್ಮ ಕಡೆ ಸಣ್ಣ ಅನ್ನುವುದು ಹೆದರಿಸುವ ಮಾತಲ್ಲ. ಸಣ್ಣ ಜ್ವರಕ್ಕೆ ದವಾಖಾನೆಗೆ ಹೋಗುವುದಿಲ್ಲ, ಸಣ್ಣ ಜಗಳಕ್ಕೆ ಹಿರಿಯರನ್ನು ಕರೆಸುವುದಿಲ್ಲ. ಹಿಟ್ಟಂತೂ ಸಣ್ಣಗಿದ್ದಷ್ಟೂ ರೊಟ್ಟಿ ಚಲೋ. ಅಕ್ಕನ ಮುಖ ಅರಳಿತು. ಲ್ಯಾಬಿನಲ್ಲಿರುವ ತಂಗಿಯೇ ಇದು ಸಣ್ಣ ಧೂಳು ಅಂದಿದ್ದಾಳೆ ಅಂತ ಮರುದಿನವೇ ಶೆಡ್ಡಿನ ಹೆಂಗಸರಿಗೆಲ್ಲ ಹೇಳಿದಳಂತೆ. ಪತ್ರಾಸಿನ ತಗಡು ಸೂರಿನಡಿ ಬೇಯುತ್ತಿದ್ದವರು ಮೂಗಿನ ಬಟ್ಟೆ ಬಿಚ್ಚಿ ಹಾಕಿದರು.

ಇದೆಲ್ಲ ನನಗೆ ಗೊತ್ತಾದದ್ದು ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ಒಣ ಕೆಮ್ಮು ಹತ್ತಿ, ನಾಲ್ಕು ಹೆಜ್ಜೆಗೊಮ್ಮೆ ಕೂಡುವಂತಾಗಿದ್ದ ಅಕ್ಕನನ್ನು ಬೈಲಹೊಂಗಲದ ದವಾಖಾನೆಗೆ ಕರೆದೊಯ್ದಿದ್ದೆ. ಪುಪ್ಪುಸ ಕಲೆಗಟ್ಟಿದೆ, ಹೋದದ್ದು ತಿರುಗಿ ಬರುವುದಿಲ್ಲ, ಧೂಳಿನ ಕೆಲಸ ಇವತ್ತೇ ಬಿಡಿ ಅಂದರು ಡಾಕ್ಟರು. ಅಕ್ಕ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಾಲಿ ಕಲಿಯದ ದಡ್ಡಿ ನಾನು, ತಪ್ಪು ತಿಳಿದುಕೊಂಡೆ ಅಂತ ತನ್ನನ್ನೇ ಬೈದುಕೊಂಡಳು. ಆಕೆಗೆ ಚಿಂತೆ ಉಳಿದವರದು. ತಾನು ಹೇಳಿದರೆ ನಂಬುವುದಿಲ್ಲ, ನೀನೇ ಬಂದು ಹೇಳು ಅಂದಳು.

ಹೋದೆ. ಊಟದ ಬಿಡುವಿನಲ್ಲಿ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು, ಶೆಡ್ಡಿನ ಎದುರು ಬೇವಿನ ಗಿಡದ ಕೆಳಗೆ ಕೂತಿದ್ದ ಹೆಂಗಸರಿಗೆ ಇಲಿಗಳಿಂದ ಹಿಡಿದು ಎಲ್ಲ ಹೇಳಿದೆ. ಧೂಳು ಸಣ್ಣದಿದ್ದಷ್ಟೂ ಆಳಕ್ಕಿಳಿಯುತ್ತದೆ, ಬೆಲ್ಲಕ್ಕೆಲ್ಲ ಅದು ಬಗ್ಗುವುದಿಲ್ಲ ಅಂದೆ. ಅವರ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಅವರಲ್ಲಿ ವಯಸ್ಸಾದವಳೊಬ್ಬಳು ಕೇಳಿದಳು.

“ಅಕ್ಕಾರ, ಸಣ್ಣ ಧೂಳ ಅಂದ ದಿನ ನಿಮಗ ಇದೆಲ್ಲಾ ಗೊತ್ತಿತ್ತೇನ್ರಿ?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಪಕ್ಕದಲ್ಲಿ ಅಕ್ಕ ಉಸಿರೆಳೆದುಕೊಳ್ಳುವ ಸದ್ದು ಕೇಳುತ್ತಿತ್ತು.

“ಗೊತ್ತಿತ್ತು,” ಅಂದೆ. ನೌಕರಿ ಹೋದೀತೆಂದು ಹೆದರಿ, ಹಗುರವಾದ ಮಾತು ಹುಡುಕಿ ಆಡಿದ್ದೆ ಅಂತಲೂ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಬಸ್ ನಿಲ್ದಾಣದವರೆಗೆ ಅಕ್ಕನೂ ಬಂದಳು. ದಾರಿಯಲ್ಲಿ ಮೂರು ಸಲ ಕೂತು ಎದ್ದಳು. ನಾನು ಕೈ ಕೊಟ್ಟರೆ ಹಿಡಿಯಲಿಲ್ಲ. ನನ್ನ ಬಸ್ಸು ಬಂದ ಮೇಲೆ ಅಂದಳು:

“ಇದನ್ನ ಅವ್ವನ ಮುಂದ ಹೇಳಬ್ಯಾಡ. ಆಕಿ ನಿನ್ನ ಮಾರಿ ನೋಡೂದಿಲ್ಲ.”