ಕಾಫಿ ಕಣದ ಅಕ್ಕ

ಮಹಿಳಾ ಕಾಫಿ ಸಂಘಕ್ಕೆ ಗುಮಾಸ್ತನಾಗಿ ಸೇರಿದ ದಿನ, ದೊಡ್ಡ ಕುರ್ಚಿಯಲ್ಲಿ ಕೂತಿದ್ದ ಮೀಸೆಯವರೇ ಮಾಲೀಕರೆಂದುಕೊಂಡು ಕೈಮುಗಿದು, ಆಗಲೇ ಮುಂದಿನ ವಾರದ ರಜೆಯನ್ನೂ ಕೇಳಿಬಿಟ್ಟೆ. ಅವರು ಗಂಭೀರವಾಗಿ, "ಕೇಳಿ ಹೇಳ್ತೀನಿ" ಎಂದರು. ಕೇಳಬೇಕಾದದ್ದು ಹೆಂಡತಿಯನ್ನು, ಸಂಘ ಕಟ್ಟಿದ ಅಕ್ಕ ಅವರೇ. "ಯಜಮಾನರೆಲ್ಲಿ?" ಎಂದು ಬರುವವರಿಗೆ ತೋರಿಸಲೆಂದೇ ಅಕ್ಕ ಗಂಡನನ್ನು ಅಲ್ಲಿ ಕೂರಿಸಿದ್ದಾರೆ. ತಾವು ಮಾತ್ರ ಕಣ ಬಿಟ್ಟು ಕದಲುವುದಿಲ್ಲ; ಒಣಹಾಕಿದ ಬೀಜ ಕಚ್ಚಿ ನೋಡಿ, "ಇನ್ನೂ ಹಸಿ, ನಿನ್ನ ಹಾಗೆ" ಎಂದು ನನ್ನ ಕಡೆಗೇ ಉಗಿಯುತ್ತಾರೆ. ಮಹಿಳಾ ಸಬಲೀಕರಣದ ಭಾಷಣಕ್ಕೆ ಬಂದ ಅಧಿಕಾರಿಯ ಕೈಗೂ ಬೀಜ ಹರವುವ ಹಲಗೆ ಕೊಟ್ಟು, "ಮಾತಾಡ್ತಾನೇ ಎಳೀರಿ ಸಾರ್, ಬಿಸಿಲು ಕಾಯಲ್ಲ" ಎನ್ನುತ್ತಾರೆ. ಭಾಷಣ ಬೇಗ ಮುಗಿಯುತ್ತದೆ. ಆದರೆ ತೋಟ, ಕಣ, ಕಾಫಿ ಹುರಿಯುವ ಶೆಡ್ಡು ಎಲ್ಲವೂ ಇರುವುದು ಗಂಡನ ಹೆಸರಿನಲ್ಲಿ. ಊಟ ತಡವಾದಾಗಲೆಲ್ಲ ಅವರು "ಮಾರಿಬಿಡ್ತೀನಿ" ಎಂದು ಗುಡುಗುತ್ತಾರೆ. ಮೊನ್ನೆ ಕೊಳ್ಳುವವನೊಬ್ಬ ನಿಜವಾಗಿಯೂ ಬಂದು ಗಿಡಗಳನ್ನು ನೋಡಿ ಹೋದ. ಅಂದು ಅಕ್ಕ ಬೀಜವನ್ನು ಕಚ್ಚದೆ ಸುಮ್ಮನೆ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. "ಮಾರಿಯೇಬಿಟ್ರೆ ಏನಕ್ಕಾ ಮಾಡ್ತೀರಿ?" ಎಂದೆ. "ಮಾರ್ಲಿ ಬಿಡು. ಕೊಂಡವನ ಹಣ್ಣು ಗಿಡದಲ್ಲೇ ಕೊಳೀಬೇಕು, ನಮ್ಮ ಸಂಘದ ಹೆಂಗಸರಲ್ಲಿ ಒಬ್ಬಳೂ ಕೊಯ್ಯೋಕೆ ಹೋಗಲ್ಲ. ಅದನ್ನ ಗಿಡ ನೋಡೋಕೆ ಬಂದವನಿಗೆ ಹೇಳೇ ಕಳಿಸಿದೀನಿ."