ಒಂದು ಗಾಡಿಗೆ ಒಂದೇ ಕೈ

ಬಾನೆಟ್ ಎತ್ತುವ ಮುಂಚೆ ಮೌಶಿ ಕೈಯಲ್ಲಿನ ಎರಡೂ ಚಿನ್ನದ ಬಳೆ ಕಳಚಿ ಸ್ಟೀರಿಂಗ್ ಪಕ್ಕದ ಗೇರಿನ ಕೋಲಿಗೆ ತೂಗುಹಾಕುತ್ತಿದ್ದರು. ಬಳೆಯ ಜಾಗದಲ್ಲಿ ಮಣಿಕಟ್ಟಿನ ಸುತ್ತ ಬೆಳ್ಳನೆಯ ಪಟ್ಟಿ, ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಕೆಲಸ ಮುಗಿದ ಮೇಲೆ ಸಕ್ಕರೆಗೆ ಅಡುಗೆ ಎಣ್ಣೆ ಕಲಸಿ ಕೈ ಉಜ್ಜಿಕೊಂಡು, ಅದೇ ಕೈಯಲ್ಲಿ ಪಟಪಟ ರೊಟ್ಟಿ ಬಡಿಯುತ್ತಿದ್ದರು. ಆ ರೊಟ್ಟಿಯ ಆಸೆಗೇ ನಾನು ಕೆಟ್ಟದ್ದು.

ನಾನು ಈ ಪರದೇಶದ ಮಾಲ್ಟನ್ ಎಂಬ ಊರಿನಲ್ಲಿ ಅವರ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದವನು. ಮೈಸೂರಿನವನು, ಪಕ್ಕದ ರೆಕ್ಸ್‌ಡೇಲಿನ ಒಂದು ಬೇಕರಿ ಫ್ಯಾಕ್ಟರಿಯಲ್ಲಿ ಬ್ರೆಡ್ಡಿನ ಗುಣಮಟ್ಟ ನೋಡುವ ಕೆಲಸ. ಮೊದಲ ದಿನ "ಆಂಟಿ" ಎಂದೆ. "ಆಂಟಿ ಗೀಂಟಿ ಬ್ಯಾಡ. ಧಾರವಾಡದಾಕಿ ನಾನು, ಮೌಶಿ ಅನ್ನು" ಎಂದರು. ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿ ದುಡಿದು ರಿಟೈರಾದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಗ್ಯಾರೇಜಿನಲ್ಲೊಂದು ಸ್ಟೇಷನ್ ವ್ಯಾಗನ್: ದೋಣಿಯಷ್ಟು ಉದ್ದ, ಮೈಯ ಎರಡೂ ಕಡೆ ಮರದ ಹಲಗೆಯಂತೆ ಕಾಣುವ ಕಂದು ಪಟ್ಟಿ. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಹೆಂಡತಿ ಸೇರಿ ಕೊಂಡದ್ದು. ಆ ಕಾಲದಲ್ಲಿ ಕರ್ನಾಟಕದಿಂದ ಯಾವ ಸಂಸಾರ ಬಂದಿಳಿದರೂ ಏರ್‌ಪೋರ್ಟಿಗೆ ಹೋಗುತ್ತಿದ್ದದ್ದು ಈ ವ್ಯಾಗನ್ನೇ. ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಹೆಚ್ಚುವರಿ ಜಾಕೆಟ್ ಇರುತ್ತಿತ್ತಂತೆ.

ಚಳಿಗಾಲದಲ್ಲಿ ಗಾಡಿ ಹೊರಗೆ ಬರುತ್ತಿರಲಿಲ್ಲ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಹಳೇ ಕಬ್ಬಿಣವನ್ನು ತಿಂದುಹಾಕುತ್ತದೆ. ವಸಂತದ ಮಳೆ ಆ ಉಪ್ಪನ್ನು ತೊಳೆಯುವವರೆಗೆ ಕಾಯಬೇಕು. ತೊಳೆದಿದೆಯೋ ಇಲ್ಲವೋ ಎಂದು ತಿಳಿಯಲು ಮೌಶಿ ರಸ್ತೆಯಂಚಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಡಾಂಬರಿಗೆ ಬೆರಳು ಒತ್ತಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು! ಛೀ ಎಂದು ನಾನು ಮುಖ ಸಿಂಡರಿಸಿದರೆ, "ಸಾರಿನ ಉಪ್ಪು ನೋಡೂದಿಲ್ಲೇನು? ಹಂಗ ಇದೂನೂ" ಎನ್ನುತ್ತಿದ್ದರು. ನಾಲಿಗೆ ಸಪ್ಪೆ ಎಂದ ದಿನ ಅವರಿಗೆ ಯುಗಾದಿ. ಪಂಚಾಂಗದ ಯುಗಾದಿ ಮುಗಿದು ಎಷ್ಟು ದಿನವಾಗಿದ್ದರೂ ಸರಿ, ಬೇವುಬೆಲ್ಲ ಅವತ್ತೇ.

ಅಂಥದೇ ಒಂದು ಭಾನುವಾರ ಅವರು ಇಂಜಿನ್ನಿನಿಂದ ತಲೆ ಎತ್ತಿ, "ಏ ತಮ್ಮಾ, ಹಳೇ ಗಾಡಿ ಅಂದ್ರ ನಿನಗ ಆಸಕ್ತಿ ಐತೇನು?" ಎಂದು ಕೇಳಿದರು. ಅಡುಗೆಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. "ಚಿಕ್ಕಂದಿನಿಂದ ಹುಚ್ಚು ಮೌಶಿ" ಎಂದುಬಿಟ್ಟೆ. ಮಡಿಕೇರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸಿಕೊಂಡು ಬೆಳೆದವನು ನಾನು. ಕಾರೆಂದರೆ ನನಗೆ ವಾಂತಿಯ ನೆನಪು, ಅಷ್ಟೆ.

ಆದರೆ ಮೌಶಿಯ ಕಣ್ಣು ತುಂಬಿ ಬಂತು. ಅದು ಯಾಕೆಂದು ಗೊತ್ತಾದದ್ದು ಅವರ ಜೊತೆ ಹಳೇ ಕಾರುಗಳ ಕೂಟಕ್ಕೆ ಹೋದ ಮೇಲೆ. ಪ್ಲಾಜಾದ ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ಫಳಫಳ ಕಾರುಗಳು, ಪ್ರತಿ ಕಾರಿನ ಹಿಂದೆ ಮಡಚುವ ಕುರ್ಚಿಯಲ್ಲಿ ಒಬ್ಬ ಬಿಳಿತಲೆಯ ಮುದುಕ. "ಎಪ್ಪತ್ತು ದಾಟಿದ ನಾನ ಇಲ್ಲಿ ಸಣ್ಣಾಕಿ, ನೋಡು. ನಾವು ಹ್ವಾದ್ರ ಇವೆಲ್ಲಾ ಗುಜರಿಗೆ" ಎಂದರು ಮೌಶಿ. ಉಳಿದವರ ಕಾರಿನ ಮುಂದೆ "ಮುಟ್ಟಬೇಡಿ" ಎಂಬ ಬೋರ್ಡು. ಮೌಶಿಯದು ಮಾತ್ರ "ದಯವಿಟ್ಟು ಮುಟ್ಟಿ": ಇಂಗ್ಲಿಷಿನಲ್ಲಿ, ಆ ಕಡೆ ಹೆಚ್ಚಿರುವ ಪಂಜಾಬಿಗಳಿಗೆಂದು ಪಂಜಾಬಿಯಲ್ಲಿ, ಕೆಳಗೆ ಕನ್ನಡದಲ್ಲಿ. "ಮುಟ್ಟಾಕ ಬಿಡದ ವಸ್ತು ಮ್ಯಾಲ ಹುಡುಗರಿಗೆ ಪ್ರೀತಿ ಹೆಂಗ ಬರತೈತಿ?" ಎನ್ನುತ್ತಿದ್ದರು. ಐಸ್‌ಕ್ರೀಮ್ ಕೈಯ ಮಕ್ಕಳು ಬಂದು ಸ್ಟೀರಿಂಗ್ ಹಿಡಿದು ಹೋಗುತ್ತಿದ್ದವು. ಅವರು ನಗುತ್ತಲೇ ಒರೆಸುತ್ತಿದ್ದರು. ಆದರೆ ಮಾರನೇ ವಾರ ಮತ್ತೆ ಬಂದ ಮಗು ಒಂದೂ ಇಲ್ಲ. ಬಂದವನು ನಾನೊಬ್ಬನೇ.

ಪ್ರತಿಯೊಬ್ಬ ಮುದುಕನಿಗೂ ನನ್ನನ್ನು ತೋರಿಸಿ ಇಂಗ್ಲಿಷಿನಲ್ಲಿ ಹೊಗಳಿ, ಕೊನೆಗೆ ಕನ್ನಡದಲ್ಲೇ "ನಮ್ಮ ಹುಡುಗ" ಎಂದು ಮುಗಿಸುತ್ತಿದ್ದರು. ಅವರೆಲ್ಲ ನನ್ನ ಕೈಕುಲುಕುತ್ತಿದ್ದರು. ನಾನು ಇನ್ನೊಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಸಮಯ ಸಿಕ್ಕಾಗ ಫೋನ್ ಇಣುಕಿ ಕ್ರಿಕೆಟ್ ಸ್ಕೋರು ನೋಡುತ್ತಿದ್ದೆ. ಶನಿವಾರ ಸಂಜೆ ಯಾವುದಾದರೂ ವಿಡಿಯೋ ನೋಡಿ ಕಾರ್ಬ್ಯುರೇಟರ್ ಬಗ್ಗೆ ಒಂದು ಪ್ರಶ್ನೆ ಬಾಯಿಪಾಠ ಮಾಡುವುದು, ಭಾನುವಾರ ಅದನ್ನು ಕೇಳುವುದು, ಮೌಶಿ ಅರ್ಧ ಗಂಟೆ ಉತ್ತರ ಕೊಡುವಾಗ ತಲೆಯಾಡಿಸುವುದು, ಆಮೇಲೆ ಊಟ. ಊರಿನಲ್ಲಿ ಪರೀಕ್ಷೆಗಳನ್ನೂ ಹೀಗೇ ಪಾಸು ಮಾಡಿದ್ದವನು ನಾನು.

ಮೌಶಿಗೆ ಒಂದು ನಂಬಿಕೆ ಇತ್ತು. ಹಳೇ ಗಾಡಿಯ ಕ್ಲಚ್ ಒಬ್ಬರ ಕಾಲಿಗೆ, ಗೇರು ಒಬ್ಬರ ಕೈಗೆ ಒಗ್ಗುತ್ತದೆ, ನಾಲ್ಕು ಜನ ಓಡಿಸಿದರೆ ಗಾಡಿ ಮುನಿಸಿಕೊಳ್ಳುತ್ತದೆ ಎಂದು. "ಒಂದು ಗಾಡಿಗೆ ಒಂದ ಕೈ" ಎನ್ನುತ್ತಿದ್ದರು. ಗಂಡನ ಕೈಯಿಂದ ತಮ್ಮ ಕೈಗೆ ಬಂದದ್ದು ಇನ್ನು ನನ್ನ ಕೈಗೆ ಎಂದು ಅವರು ತೀರ್ಮಾನಿಸಿ, ನನಗೆ ಮಾತೂ ಕೊಟ್ಟುಬಿಟ್ಟಿದ್ದರು. ನನ್ನನ್ನು ಕೇಳಲಿಲ್ಲ. ಹುಚ್ಚು ಎಂದು ನಾನೇ ಹೇಳಿದ್ದೆನಲ್ಲ, ಕೇಳುವುದೇನಿತ್ತು?

ನನ್ನ ಎರಡನೇ ಬೇಸಿಗೆಯಲ್ಲಿ ಒಬ್ಬ ಹುಡುಗಿ ಬಂದಳು. ಅದೇ ಬೀದಿಯ ಹುಬ್ಬಳ್ಳಿಯವರ ಮಗಳು, ಇಲ್ಲೇ ಹುಟ್ಟಿದವಳು, ಹೈಸ್ಕೂಲಿನಲ್ಲಿದ್ದಳು. ಮೌಶಿಯ ಊಟದ ಡಬ್ಬಿ ಹಿಂದಿರುಗಿಸಲು ಬಂದವಳು ಡ್ರೈವ್‌ವೇಯಲ್ಲೇ ನಿಂತುಬಿಟ್ಟಳು. ವ್ಯಾಗನ್ನಿನ ಮೈಮೇಲೆ ಅಂಗೈ ಇಟ್ಟು, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ಮೌಶಿ, why does it shake less now? ಆಗ ಜಾಸ್ತಿ ಇತ್ತು" ಎಂದಳು. ಇಂಜಿನ್ ಬಿಸಿಯಾಗುತ್ತಿದ್ದಂತೆ ನಡುಕ ಇಳಿದಿತ್ತು. ಇಷ್ಟು ದಿನ ಪಕ್ಕದಲ್ಲೇ ನಿಂತ ನನಗೆ ಅದು ಗೊತ್ತೇ ಆಗಿರಲಿಲ್ಲ.

ಮುಂದಿನ ಭಾನುವಾರ ಅವಳು ಹಳೇ ಬಟ್ಟೆ ಹಾಕಿಕೊಂಡು ನನಗಿಂತ ಮುಂಚೆ ಬಂದಿದ್ದಳು. ಮೂರನೆಯ ಭಾನುವಾರ ಕೇಳಿಯೇ ಬಿಟ್ಟಳು: "Can you teach me to drive it? ನಾನು ನೋಡ್ಕೋತೀನಿ ಮೌಶಿ. Like, forever."

ಮೌಶಿ ನನ್ನ ಕಡೆ ನೋಡಿದರು. ನಾನೆಲ್ಲಿ ನೊಂದುಕೊಳ್ಳುತ್ತೇನೋ ಎಂಬ ಅಳುಕು ಆ ನೋಟದಲ್ಲಿತ್ತು. "ಅವಳೇ ಕಲಿಯಲಿ ಮೌಶಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಹೇಳಲಿಲ್ಲ. ರೊಟ್ಟಿಯ ಆಸೆ ಎಂದು ತಮಾಷೆ ಮಾಡಿ ಜಾರಿಕೊಳ್ಳಬಹುದು, ಆದರೆ ಕಾರಣ ಅದಲ್ಲ. ಈ ದೇಶದಲ್ಲಿ ನನ್ನನ್ನು "ನಮ್ಮ ಹುಡುಗ" ಎನ್ನುವವರು ಅವರೊಬ್ಬರೇ ಇದ್ದರು. ಆ ಜಾಗ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಬೂಟಿನ ಲೇಸು ಕಟ್ಟಿಕೊಳ್ಳುವವನ ಹಾಗೆ ಬಗ್ಗಿದೆ.

"ನೀ ಬಾ, ನೋಡು, ಮುಟ್ಟು, ಮಗಳ. ಕ್ಲಚ್ ಮಾತ್ರ ಬ್ಯಾಡ. ಇವನಿಗೆ ಮಾತು ಕೊಟ್ಟೇನಿ" ಎಂದರು ಮೌಶಿ.

"It's okay," ಎಂದಳು ಹುಡುಗಿ. ಇನ್ನೊಂದು ಭಾನುವಾರ ಬಂದು ಟಾರ್ಚ್ ಹಿಡಿದಳು. ಆಮೇಲೆ ಬರಲಿಲ್ಲ. "ಈಗಿನ ಹುಡುಗರಿಗೆ ತಾಳ್ಮಿ ಇಲ್ಲ, ನಿನ್ನ ಹಂಗಲ್ಲ" ಎಂದು ಮೌಶಿ ನನ್ನ ಬೆನ್ನು ತಟ್ಟಿದರು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಎಂದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಎರಡು ರೊಟ್ಟಿ ಹೆಚ್ಚೇ ತಿಂದೆ.

ಹೀಗೇ ಮೂರು ವರ್ಷ ಕಳೆದು, ಹೋದ ಶರತ್ಕಾಲದಲ್ಲಿ ಅವರ ಕಣ್ಣು ಮಂದವಾಗಿ ಲೈಸೆನ್ಸ್ ಹೋಯಿತು. ಅದೇ ವಾರ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿದರು. ಜನವರಿಯಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದರು. ಮೂಗಿಗೆ ಆಮ್ಲಜನಕದ ನಳಿಕೆ ಇದ್ದರೂ ಕೇಳಿದ್ದು, "ಬ್ಯಾಟರಿ ಬಿಚ್ಚಿ ಇಟ್ಟೀಯಿಲ್ಲೋ?" ಎಂದು. ಚಳಿಗೆ ಮುಂಚೆ ಬಿಚ್ಚಿಡಬೇಕೆಂದು ಪ್ರತಿ ವರ್ಷ ಹೇಳಿಕೊಟ್ಟಿದ್ದರು. "ಹೂಂ ಮೌಶಿ, ಯಾವತ್ತೋ" ಎಂದೆ. ಬಿಚ್ಚಿರಲಿಲ್ಲ. "ಶಾಣ್ಯಾ" ಎಂದು ಮೆಚ್ಚಿ ನನ್ನ ಕೈ ಅದುಮಿದರು. ಅಲ್ಲಿಂದ ಸೀದಾ ಗ್ಯಾರೇಜಿಗೆ ಹೋಗಿ ಬಾನೆಟ್ ಎತ್ತಿದೆ. ಬ್ಯಾಟರಿ ಆಗಲೇ ಸತ್ತಿತ್ತು. ಮೌಶಿ ಮರುದಿನ ಬೆಳಿಗ್ಗೆ ಹೋದರು.

ಮನೆ ಅವರ ತಂಗಿಯ ಮಗಳಿಗೆ ಬಂತು. ನಾನು ಬೇಸ್‌ಮೆಂಟಿನಲ್ಲೇ ಇದ್ದೇನೆ, ಗಾಡಿ ಗ್ಯಾರೇಜಿನಲ್ಲೇ ಇದೆ. ಹದಿನಾಲ್ಕು ದಿನ ಕಳೆದ ಮೇಲೆ ಕೀಲಿ ಹಿಡಿದುಕೊಂಡು ಹುಬ್ಬಳ್ಳಿಯವರ ಮನೆಗೆ ಹೋದೆ. ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ರಜೆಯಲ್ಲಿ ಮನೆಗೆ ಬಂದಿದ್ದಳು. "ಗಾಡಿ ನಿನ್ನದು, ತಗೋಮ್ಮ. ಅದು ನಿನಗೇ ಸಿಗಬೇಕಿತ್ತು" ಎಂದೆ.

ಅವಳು ಕೀಲಿಯನ್ನು ನೋಡಿದಳು. ಮುಟ್ಟಲಿಲ್ಲ. "ಅಂಕಲ್, I was sixteen. ಆಗ ನಂಗೆ ಅದು ತುಂಬಾ ಬೇಕಿತ್ತು. Like, I used to dream about it" ಎಂದಳು. ಆಮೇಲೆ ನನಗೇ ಸಮಾಧಾನ ಹೇಳುವವಳ ಹಾಗೆ, "ನೀವೇ ಇಟ್ಕೊಳ್ಳಿ. ಮೌಶಿ picked you" ಎಂದಳು.

ಬೈದಿದ್ದರೆ ಚೆನ್ನಾಗಿತ್ತು.

ಮೌಶಿ ಇಡೀ ಜೀವಮಾನ ಹುಡುಕಿದ್ದು ಅಂಥ ಒಂದು ಮಗುವನ್ನು. ಆ ಮಗು ಬಂದು ಬಾಗಿಲಲ್ಲಿ ನಿಂತಾಗ ಅಡ್ಡ ನಿಂತವನು ನಾನು. ಮೌಶಿಗೆ ಇದು ತಿಳಿಯಲೇ ಇಲ್ಲ. ತಾನು ಗೆದ್ದೆ ಎಂದುಕೊಂಡೇ ಹೋದರು. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಹೊಸ ಬ್ಯಾಟರಿ ತಂದಿದ್ದೇನೆ. "ದಯವಿಟ್ಟು ಮುಟ್ಟಿ" ಬೋರ್ಡಿನ ಧೂಳು ಒರೆಸಿದ್ದೇನೆ. ಈ ಬೇಸಿಗೆ ಪಾರ್ಕಿಂಗ್ ಲಾಟಿಗೆ ನಾನೊಬ್ಬನೇ ಹೋಗಬೇಕು. ಯಾರಾದರೂ ಹುಡುಗನೋ ಹುಡುಗಿಯೋ ಅಂಗೈ ಇಟ್ಟು ಒಂದು ನಿಜವಾದ ಪ್ರಶ್ನೆ ಕೇಳಿದರೆ ಕ್ಲಚ್ ಅವರದು. ಉತ್ತರ ಗೊತ್ತಿರಬೇಕಲ್ಲ ಎಂದು ಈಗ ನಿಜವಾಗಿಯೂ ಕಲಿಯುತ್ತಿದ್ದೇನೆ. ಉಗುರಿನ ಸಂದಿ ಕಪ್ಪಾಗಿದೆ. ಪ್ರೀತಿ ಇನ್ನೂ ಬಂದಿಲ್ಲ.

ನಿನ್ನೆ ಜೋರು ಮಳೆ ಬಂತು. ಇವತ್ತು ಬೆಳಿಗ್ಗೆ ರಸ್ತೆಯಂಚಿಗೆ ಹೋಗಿ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಕುಕ್ಕರುಗಾಲಲ್ಲಿ ಕೂತೆ. ಡಾಂಬರಿಗೆ ಬೆರಳು ಒತ್ತಿ ನಾಲಿಗೆಗೆ ಹಚ್ಚಿದೆ. ಇನ್ನೂ ಉಪ್ಪಿತ್ತು. ಎದ್ದು ಬಂದು ಗ್ಯಾರೇಜಿನ ಬಾಗಿಲು ಎಳೆದು ಮುಚ್ಚಿದೆ.